ನೆನಪಿಟ್ಟುಕೊಳ್ಳಬೇಡಿ, ಕಣ್ಣೆದುರು ಇಡಿ: ಎಡಿಎಚ್‌ಡಿ ಇರುವ ವಯಸ್ಕರಿಗೆ ದಿನಬಳಕೆಯ ದಾರಿಗಳು

ಕರೆಂಟ್ ಬಿಲ್ ಬಂದಿದೆ. ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಫೋನಿದೆ, ಕಟ್ಟಲು ಒಂದು ನಿಮಿಷ ಸಾಕು. ಕಟ್ಟಬೇಕು ಅನ್ನುವುದು ದಿನಕ್ಕೆ ಹತ್ತು ಸಲ ತಲೆಗೆ ಬರುತ್ತದೆ. ಆದರೆ ಬರುವುದು ಬಚ್ಚಲುಮನೆಯಲ್ಲಿ, ಸಿಗ್ನಲ್ಲಿನಲ್ಲಿ, ಇಲ್ಲವೇ ನಿದ್ದೆ ಹತ್ತುವ ಹೊತ್ತಿನಲ್ಲಿ. ಕೊನೆಗೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತಾಗ ಮನೆಯವರು ಕೇಳುತ್ತಾರೆ: "ಅಷ್ಟೂ ಗ್ಯಾನ ಇರಲ್ವಾ ನಿಂಗೆ?"

ಗ್ಯಾನ ಇತ್ತು. ತೊಂದರೆ ಇರುವುದು ಅಲ್ಲಲ್ಲ. ಎಡಿಎಚ್‌ಡಿ ಅಂದರೆ ಗಮನ ಬೇಕಾದ ಕಡೆ ನಿಲ್ಲದ, ಚಡಪಡಿಕೆ, ಆತುರ ಕಾಡುವ, ಚಿಕ್ಕಂದಿನಿಂದಲೇ ಇರುವ ಸ್ಥಿತಿ. ಅದು ಇರುವವರಿಗೆ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿರುವುದನ್ನು ಮಾಡಬೇಕಾದ ಜಾಗದಲ್ಲಿ, ಮಾಡಬೇಕಾದ ಗಳಿಗೆಯಲ್ಲಿ ಮಾಡಲಾಗುವುದಿಲ್ಲ ಎಂದು ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅದಕ್ಕೇ ಇಲ್ಲಿ ಬುದ್ಧಿವಾದ ನಡೆಯುವುದಿಲ್ಲ. ಆ ಜಾಗವನ್ನೂ ಆ ಗಳಿಗೆಯನ್ನೂ ಬದಲಾಯಿಸಿಕೊಳ್ಳಬೇಕು. ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಅದಕ್ಕಾಗಿ.

ಇದು ರೀಲ್ಸ್ ಕಾಲದ ಹೊಸ ಫ್ಯಾಷನ್ ಅನ್ನುವವರಿಗೆ ಒಂದು ಮಾತು: ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ನಿಲ್ಲದ, ಮನಸ್ಸು ಚಡಪಡಿಸುವ ಇಂಥ ಸ್ಥಿತಿಯ ಬಗ್ಗೆ ಬರೆದದ್ದು 1798ರಲ್ಲಿ. ಈಗಿನ ಅಂದಾಜಿನಂತೆ ವಯಸ್ಕರಲ್ಲಿ ಸುಮಾರು ಶೇ 2.5 ಮಂದಿಗೆ ಇದು ಇದೆ. ನಾನೂರು ಜನ ಸೇರಿದ ಮದುವೆ ಛತ್ರದಲ್ಲಿ ಹತ್ತು ಜನ ಎಂದಾಯಿತು. ಅವರಲ್ಲಿ ಒಬ್ಬರು ಉಡುಗೊರೆಯ ಕವರ್ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಹೆಜ್ಜೆ 1: ಹೌದೋ ಅಲ್ಲವೋ ತಿಳಿದುಕೊಳ್ಳಿ

ಮರೆವು, ಗಮನ ತಪ್ಪುವುದು ಎಲ್ಲರಿಗೂ ಉಂಟು. ವೈದ್ಯರು ನೋಡುವುದು ಬೇರೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಂತೆ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳು, ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳು ಇವೆ. 17 ವರ್ಷ ದಾಟಿದವರಲ್ಲಿ ಯಾವುದಾದರೂ ಒಂದು ಪಟ್ಟಿಯಿಂದ ಕನಿಷ್ಠ ಐದು ಇರಬೇಕು, ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಕೆಲಸ ಹೀಗೆ ಎರಡು ಕಡೆಯಾದರೂ ಬದುಕಿಗೆ ಅಡ್ಡ ಬರುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು. ಮೂವತ್ತೈದನೇ ವಯಸ್ಸಿನಲ್ಲಿ, ಹೊಸ ಕೆಲಸಕ್ಕೆ ಸೇರಿದ ಮೇಲೆ ಶುರುವಾದ ಮರೆವಿಗೆ ಕಾರಣ ಬೇರೆ ಇರಬಹುದು. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಆತಂಕ, ಗೊರಕೆಯ ಜೊತೆ ಬರುವ ಉಸಿರುಗಟ್ಟುವ ನಿದ್ದೆಯ ತೊಂದರೆ, ಇವೆಲ್ಲ ಹೆಚ್ಚುಕಡಿಮೆ ಇದೇ ವೇಷದಲ್ಲಿ ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿ ಇದೆ. ಅದರ ಮೊದಲ ಆರು ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಬರೆದುಕೊಳ್ಳಬಹುದು. ಅದು ಅನುಮಾನಕ್ಕೆ ಆಧಾರ ಕೊಡುತ್ತದೆಯೇ ಹೊರತು ತೀರ್ಮಾನ ಕೊಡುವುದಿಲ್ಲ. ತೀರ್ಮಾನ ಮನೋವೈದ್ಯರದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೆಡಿಕಲ್ ಕಾಲೇಜುಗಳ ಮನೋವೈದ್ಯಕೀಯ ವಿಭಾಗ, ಜಿಲ್ಲಾಸ್ಪತ್ರೆ, ಇವುಗಳಲ್ಲಿ ಹತ್ತಿರವಿರುವ ಕಡೆ ಹೋಗಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿಕೊಳ್ಳಿ. ಎಲ್ಲಿಂದ ಶುರು ಮಾಡುವುದೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ವೈದ್ಯರ ಮುಂದೆ ಕೂತಾಗ ಹೇಳಬೇಕಾದ್ದೇ ಮರೆತುಹೋಗುತ್ತದೆ, ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹಳೆಯ ಪ್ರಗತಿ ಪತ್ರ ಸಿಕ್ಕರೆ ಜೊತೆಗಿಟ್ಟುಕೊಳ್ಳಿ. "ಜಾಣ, ಆದರೆ ಪಾಠದ ಕಡೆ ಗಮನವಿಲ್ಲ" ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಒಂದು ಸಾಲು ವೈದ್ಯರಿಗೆ ತುಂಬ ಹೇಳುತ್ತದೆ. ಬಾಲ್ಯದ ಬಗ್ಗೆ ಅಮ್ಮನನ್ನು ಕೇಳುವಾಗ "ನಂಗೆ ಗಮನದ ತೊಂದರೆ ಇತ್ತಾ?" ಎಂದು ಕೇಳಬೇಡಿ. "ಛೆ, ನೀನು ಎಷ್ಟು ಚುರುಕಿದ್ದೆ" ಅಂದುಬಿಡುತ್ತಾರೆ. "ಅಮ್ಮ, ಐದನೇ ಕ್ಲಾಸಲ್ಲಿ ನಾನು ಎಷ್ಟು ಕೊಡೆ ಕಳ್ಕೊಂಡೆ?" ಎಂದು ಕೇಳಿ. ಕತೆಗಳು ತಾವಾಗಿ ಹೊರಬರುತ್ತವೆ. ಜೊತೆಗೆ ಅಪ್ಪನ ಕತೆಯೂ ಬರಬಹುದು. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಇದರಲ್ಲಿ ವಂಶವಾಹಿಯ ಪಾಲು ಶೇ 70ರಿಂದ 80. ಮಗುವನ್ನು ತೋರಿಸಲು ಹೋದ ತಂದೆ, ವೈದ್ಯರ ಪ್ರಶ್ನೆಗಳಿಗೆ ಮನಸ್ಸಿನಲ್ಲೇ ತನ್ನ ಉತ್ತರ ಕೊಡುತ್ತ ಕೂರುವುದು ಅಪರೂಪವೇನಲ್ಲ.

ಹೆಜ್ಜೆ 2: ಔಷಧಿಯ ಲೆಕ್ಕಾಚಾರ

ನಮ್ಮಲ್ಲಿ ಮುಖ್ಯವಾಗಿ ಕೊಡುವುದು ಎರಡು. ಮೀಥೈಲ್‌ಫೆನಿಡೇಟ್ ತೆಗೆದುಕೊಂಡ ದಿನವೇ, ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಕೆಲವು ಗಂಟೆಗಳ ನಂತರ ಇಳಿಯುತ್ತದೆ. ಅಟೊಮಾಕ್ಸಿಟಿನ್ ನಿಧಾನ, ಪೂರ್ತಿ ಪರಿಣಾಮ ಕಾಣಲು ವಾರಗಳೇ ಬೇಕು. ನಾಲ್ಕು ದಿನ ತೆಗೆದುಕೊಂಡು "ಏನೂ ಆಗಲಿಲ್ಲ" ಎಂದು ಬಿಡುವವರು ಹೆಚ್ಚಾಗಿ ಇದನ್ನೇ ಬಿಡುತ್ತಾರೆ. ಶುರು ಮಾಡುವ ಮುಂಚೆ ಬಿಪಿ, ನಾಡಿ ನೋಡಬೇಕು. ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ, ಬೇರೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ. ಎದೆ ವಿಪರೀತ ಬಡಿದುಕೊಂಡರೆ, ಮನಸ್ಸು ತೀರ ಕುಗ್ಗಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಇನ್ನು ತಮಾಷೆ ಕೇಳಿ. ಮರೆವಿನವರಿಗೆ ಕೊಡುವ ಔಷಧಿಯನ್ನು ಪಡೆಯುವುದಕ್ಕೇ ಭಾರಿ ನೆನಪಿನ ಶಕ್ತಿ ಬೇಕು. ಮೀಥೈಲ್‌ಫೆನಿಡೇಟ್ ಭಾರತದಲ್ಲಿ ಶೆಡ್ಯೂಲ್ ಎಕ್ಸ್, ಅಂದರೆ ಕಟ್ಟುನಿಟ್ಟಿನ ನಿಯಮದಡಿ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಈ ರಗಳೆ ಬೇಡವೆಂದು ಎಷ್ಟೋ ಮೆಡಿಕಲ್ ಸ್ಟೋರ್‌ಗಳು ಇದನ್ನು ತರಿಸುವುದೇ ಇಲ್ಲ. ಆದ್ದರಿಂದ ಗುಳಿಗೆ ಮುಗಿದ ದಿನ ಹುಡುಕಲು ಹೊರಟರೆ ಕೆಟ್ಟಿರಿ. ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ವೈದ್ಯರ ಭೇಟಿ ಗೊತ್ತು ಮಾಡಿಕೊಳ್ಳಿ. ಆ ಹತ್ತನೇ ಗುಳಿಗೆಯ ಜಾಗದಲ್ಲಿ ಸ್ಟ್ರಿಪ್ಪಿನ ಮೇಲೇ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು "ಫೋನ್ ಮಾಡು" ಎಂದು ಬರೆದುಬಿಡಿ. ಕ್ಯಾಲೆಂಡರಿನಲ್ಲಿ ಬರೆದರೆ ಕ್ಯಾಲೆಂಡರ್ ನೋಡುವುದನ್ನು ನೆನಪಿಡಬೇಕಾಗುತ್ತದೆ. ಸ್ಟ್ರಿಪ್ ಹೇಗೂ ದಿನಾ ಕೈಗೆ ಬರುತ್ತದೆ.

ಅಮೆರಿಕದಲ್ಲಿ ಆಂಫೆಟಮಿನ್ ಗುಂಪಿನ ಗುಳಿಗೆ ತೆಗೆದುಕೊಳ್ಳುತ್ತಿದ್ದವರು ಊರಿಗೆ ಮರಳುವ ಮುಂಚೆಯೇ ಅಲ್ಲಿಯ ವೈದ್ಯರ ಜೊತೆ ಬದಲಿ ಔಷಧಿಯ ಬಗ್ಗೆ ಮಾತಾಡಿ. ಆ ಗುಳಿಗೆ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದಿಲ್ಲ.

ಔಷಧಿ ಬೇಡ ಅನ್ನುವುದೂ ನಿಮ್ಮ ಆಯ್ಕೆಯೇ, ಅದನ್ನು ವೈದ್ಯರಿಗೆ ಹೇಳಿ ನಿರ್ಧರಿಸಿ. ತೆಗೆದುಕೊಂಡರೂ ಅದು ನಿಮ್ಮ ಬೀಗದ ಕೈ ಹುಡುಕಿಕೊಡುವುದಿಲ್ಲ. ಕೆಲಸ ಶುರು ಮಾಡಲು ಒಂದಿಷ್ಟು ಬಲ ಕೊಡುತ್ತದೆ. ಉಳಿದದ್ದಕ್ಕೆ ಏರ್ಪಾಡು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ), ಅಂದರೆ ಯೋಚನೆ, ಅಭ್ಯಾಸಗಳನ್ನು ಮಾತುಕತೆಯ ಮೂಲಕ ತಿದ್ದಿಕೊಳ್ಳುವ ಚಿಕಿತ್ಸೆ, ತಿಳಿದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ನೆರವಿದ್ದರೆ ಸಲೀಸು.

ಹೆಜ್ಜೆ 3: ಎರಡು ಮಾತುಗಳನ್ನು ಬಿಡಿ

ಮೊದಲನೆಯದು, "ನೆನಪಿರುತ್ತೆ ಬಿಡು." ಇರುವುದಿಲ್ಲ. ಈ ಮಾತು ಬಾಯಿಗೆ ಬಂದ ಕೂಡಲೇ ಪೆನ್ನು ಹುಡುಕುವುದು ಅಭ್ಯಾಸವಾಗಬೇಕು.

ಎರಡನೆಯದು, "ಮನಸ್ಸು ಮಾಡಿದ್ರೆ ಆಗುತ್ತೆ." ಮನೆಯವರು ಇದಕ್ಕೆ ಸಾಕ್ಷಿಯನ್ನೂ ಇಟ್ಟುಕೊಂಡಿರುತ್ತಾರೆ: "ಐಪಿಎಲ್ ನೋಡೋಕೆ ನಾಲ್ಕು ಗಂಟೆ ಗಮನ ಇರುತ್ತಲ್ಲ?" ಇರುತ್ತದೆ, ನಿಜ. ಎಡಿಎಚ್‌ಡಿಯಲ್ಲಿ ಗಮನಕ್ಕೆ ಬರವಿಲ್ಲ, ಅದು ಹೇಳಿದ ಕಡೆ ಹೋಗುವುದಿಲ್ಲ ಅಷ್ಟೇ. ಕುತೂಹಲ, ಹೊಸತನ, ಆಟದ ಹುರುಪು, ತಲೆಯ ಮೇಲೆ ಬಂದ ಗಡುವು ಇದ್ದರೆ ತಾನಾಗಿ ಹೋಗುತ್ತದೆ. "ಮುಖ್ಯವಾದ ಕೆಲಸ" ಎಂಬ ಒಂದೇ ಕಾರಣಕ್ಕೆ ಹೋಗುವುದಿಲ್ಲ. ಆದ್ದರಿಂದ ಪಿಎಫ್ ಫಾರಂ ತುಂಬಲಾಗದ ನಿಮ್ಮನ್ನು ಐಪಿಎಲ್ ನೋಡುವ ನಿಮ್ಮೊಂದಿಗೆ ಹೋಲಿಸಿಕೊಂಡು ಬೈದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಡಿಎಚ್‌ಡಿ ಒಂದು ವರ, ಗುಪ್ತ ಶಕ್ತಿ ಎಂದೆಲ್ಲ ಹೇಳುವವರೂ ಇದ್ದಾರೆ. ನನಗೆ ಆ ಮಾತು ರುಚಿಸುವುದಿಲ್ಲ. ಲೇಟ್ ಫೀ ಕಟ್ಟಿ, ಕೆಲಸ ಕಳೆದುಕೊಂಡು, ಹೆಂಡತಿ ಮಕ್ಕಳ ಮುಂದೆ ತಲೆ ತಗ್ಗಿಸಿ ನಿಂತವರಿಗೆ ಅದು ಅಣಕದಂತೆ ಕೇಳುತ್ತದೆ. ವರವೂ ಬೇಡ, ಶಾಪವೂ ಬೇಡ. ಕಣ್ಣು ಮಂಜಾದವರು ಕನ್ನಡಕ ಹಾಕಿಕೊಳ್ಳುವಷ್ಟು ಸಹಜವಾಗಿ ನಾವು ಚೀಟಿ, ಗಡಿಯಾರ, ಅಲಾರಂ ಇಟ್ಟುಕೊಂಡರೆ ಸಾಕು.

ಹೆಜ್ಜೆ 4: ಬಾಗಿಲ ಪಕ್ಕದಿಂದ ಶುರು ಮಾಡಿ

ಮನೆ ಪೂರ್ತಿ ಒಪ್ಪ ಮಾಡಲು ಹೊರಡಬೇಡಿ. ಭಾನುವಾರ ಬೆಳಗ್ಗೆ ಬೀರು ಖಾಲಿ ಮಾಡಿ, ಮಧ್ಯಾಹ್ನ ಹಳೆಯ ಫೋಟೊ ಆಲ್ಬಂ ನೋಡುತ್ತ ಕೂತು, ರಾತ್ರಿ ಹಾಸಿಗೆಯ ಮೇಲಿನ ರಾಶಿಯನ್ನು ನೆಲಕ್ಕೆ ಸರಿಸಿ ಮಲಗುವುದು ಇದರ ಗತಿ. ಒಂದೇ ಜಾಗ ಸಾಕು: ಹೊರಬಾಗಿಲ ಪಕ್ಕ.

ನಮ್ಮ ಮನೆಯಲ್ಲಿ ಅಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಸ್ಟೀಲ್ ತಟ್ಟೆ ಇದೆ, ತಿಂಡಿ ತಿನ್ನುವ ಮಾಮೂಲು ತಟ್ಟೆ. ಸ್ಟೀಲೇ ಯಾಕೆ ಅಂದರೆ ಕೀ ಬಿದ್ದಾಗ ಠಣ್ ಅನ್ನುತ್ತದೆ, ಇಟ್ಟೆ ಅನ್ನುವುದು ಕಿವಿಗೂ ಗೊತ್ತಾಗುತ್ತದೆ. ಸ್ಕೂಟರ್ ಕೀ, ಪರ್ಸು, ಆಫೀಸಿನ ಐಡಿ ಕಾರ್ಡು, ಇಯರ್‌ಫೋನು, ಈ ನಾಲ್ಕಕ್ಕೆ ಮಾತ್ರ ಅಲ್ಲಿ ಜಾಗ. ತಟ್ಟೆ ಚಿಕ್ಕದಿರುವುದೇ ಒಳ್ಳೆಯದು, ದೊಡ್ಡದಾದರೆ ಕೊರಿಯರ್ ಕವರ್, ಮೆಂತ್ಯದ ಕಟ್ಟು, ಯಾರದೋ ವಿಸಿಟಿಂಗ್ ಕಾರ್ಡು ಎಲ್ಲ ಬಂದು ಕೂರುತ್ತವೆ. ಬೆಳಗ್ಗೆ ಒಯ್ಯಲೇಬೇಕಾದ್ದು ಫ್ರಿಜ್ಜಿನಲ್ಲಿದ್ದರೆ ಕೀಯನ್ನೂ ಫ್ರಿಜ್ಜಿನೊಳಗೆ ಆ ಡಬ್ಬಿಯ ಮೇಲೆ ಇಡುತ್ತೇನೆ. ನೋಡಿದವರು ನಗುತ್ತಾರೆ. ಡಬ್ಬಿ ಬಿಟ್ಟು ಹೋಗಲು ಮಾತ್ರ ಸಾಧ್ಯವಿಲ್ಲ, ಕೀ ಇಲ್ಲದೆ ಗಾಡಿ ಹೊರಡುವುದಿಲ್ಲವಲ್ಲ.

ಇದೇ ತರ್ಕವನ್ನು ಮನೆಯ ಉಳಿದ ಕಡೆಗೂ ಒಯ್ಯಿರಿ. ಗುಳಿಗೆ ಕಾಫಿ ಪುಡಿ ಡಬ್ಬಿಯ ಮುಂದಿರಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ಮೋಟರ್ ಹಾಕಿ ಮರೆತು ಟ್ಯಾಂಕ್ ತುಂಬಿ ಬೀದಿಗೆ ಹರಿಯುತ್ತಿದ್ದರೆ ತಾನಾಗಿ ಆಫ್ ಆಗುವ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿ. ಹಾಲು ಉಕ್ಕಿಸುವವರಿಗೆ ಹಾಲಿನ ಕುಕ್ಕರ್ ಇದೆ. ಎರಡು ಪದರದ ಪಾತ್ರೆ, ಪದರದ ನಡುವೆ ನೀರು ಹಾಕಿದರೆ ಹಾಲು ಕಾದಾಗ ಸೀಟಿ ಹೊಡೆಯುತ್ತದೆ. "ಒಲೆ ಮುಂದೆ ನಿಂತ್ಕೋ" ಅನ್ನುವ ಬೈಗುಳಕ್ಕಿಂತ ಅದು ಅಗ್ಗ.

ಬರೆಯಲು ಒಂದೇ ಪುಸ್ತಕ ಇಟ್ಟುಕೊಳ್ಳಿ. ಮೂರು ಆ್ಯಪ್, ಎರಡು ಡೈರಿ, ವಾಟ್ಸಾಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡ ಮೆಸೇಜು, ಎಲ್ಲ ಇದ್ದರೆ ಯಾವುದರಲ್ಲಿ ಬರೆದೆ ಅನ್ನುವುದನ್ನು ನೆನಪಿಡುವುದೇ ಹೊಸ ಕೆಲಸ. ದಿನದ ಪಟ್ಟಿಯಲ್ಲಿ ಮೂರೇ ಬಾಬತ್ತು. ಉಳಿದದ್ದು ಹಿಂದಿನ ಪುಟದಲ್ಲಿ ಕಾಯಲಿ.

ಹೆಜ್ಜೆ 5: ಹೊತ್ತನ್ನು ಕಣ್ಣಿಗೆ ಕಾಣಿಸಿ

ಎಡಿಎಚ್‌ಡಿ ಇರುವವರಿಗೆ ಕಾಲ ಎರಡೇ: ಈಗ, ಆಮೇಲೆ. ಹತ್ತು ನಿಮಿಷ ಕಳೆಯಿತೋ ನಲವತ್ತೋ ಒಳಗಿನಿಂದ ತಿಳಿಯುವುದಿಲ್ಲ. ಹಾಗಾಗಿ ಬಚ್ಚಲುಮನೆಯಲ್ಲೂ ಅಡುಗೆಮನೆಯಲ್ಲೂ ಮುಳ್ಳಿನ ಗಡಿಯಾರ ಬೇಕು. ಫೋನಿನಲ್ಲಿ ಟೈಮ್ ನೋಡಲು ಹೋದವರು ಟೈಮ್ ಬಿಟ್ಟು ಉಳಿದೆಲ್ಲ ನೋಡಿ ಬರುತ್ತಾರೆ.

ತಲುಪುವ ಸಮಯವನ್ನು ಮರೆತುಬಿಡಿ, ಹೊರಡುವ ಸಮಯವನ್ನು ಮಾತ್ರ ಬರೆಯಿರಿ. ಹತ್ತಕ್ಕೆ ಮೀಟಿಂಗ್ ಇದ್ದರೆ ನಮ್ಮ ತಲೆ "ಹತ್ತು" ಎಂಬುದನ್ನೇ ಹಿಡಿದುಕೊಂಡು ಒಂಬತ್ತೂ ಮುಕ್ಕಾಲಿಗೆ ಶೂ ಹುಡುಕುತ್ತದೆ. ಹಿಂದಕ್ಕೆ ಎಣಿಸಿ: ಸಿಲ್ಕ್ ಬೋರ್ಡ್ ದಾಟಲು ಒಂದು ಗಂಟೆ, ಗಾಡಿ ನಿಲ್ಲಿಸಿ ಲಿಫ್ಟ್ ಹಿಡಿಯಲು ಹತ್ತು ನಿಮಿಷ, ಮನೆಯಿಂದ ಹೊರಬೀಳುವ ಗೊಂದಲಕ್ಕೆ ಹದಿನೈದು. ಅಲ್ಲಿಗೆ ಎಂಟೂ ಮೂವತ್ತೈದಕ್ಕೆ ಕೂತಲ್ಲಿಂದ ಏಳಬೇಕು. ಆ ಹೊತ್ತಿಗೆ ಒಂದು, ಅದಕ್ಕೂ ಕಾಲು ಗಂಟೆ ಮುಂಚೆ ಇನ್ನೊಂದು ಅಲಾರಂ ಇಡಿ. ಅಲಾರಮ್ಮಿಗೆ ಹೆಸರು ಕೊಡಿ: "ಲ್ಯಾಪ್‌ಟಾಪ್ ಮುಚ್ಚು", "ಶೂ ಹಾಕು". ಸುಮ್ಮನೆ ಬಡಿದುಕೊಳ್ಳುವ ಅಲಾರಂ ಯಾಕೆ ಇಟ್ಟೆವೆಂದೇ ತಿಳಿಯದೆ ಆರಿಸಿಬಿಡುತ್ತೇವೆ. ಇಡ್ಲಿಗೆ ಅಕ್ಕಿ ನೆನೆಹಾಕುವುದಕ್ಕೂ, ರಾತ್ರಿ ಹಾಲಿಗೆ ಹೆಪ್ಪು ಹಾಕುವುದಕ್ಕೂ ಇದೇ ಉಪಾಯ. ಅಂಗಡಿಯಿಂದ ದೋಸೆ ಹಿಟ್ಟು ತಂದರೂ ಯಾರ ಮಾನವೂ ಹೋಗುವುದಿಲ್ಲ.

ಹೆಜ್ಜೆ 6: ಕೆಲಸ ಶುರು ಮಾಡುವುದು ಹೇಗೆ

ಹಲವರಿಗೆ ಅತಿ ಕಷ್ಟದ್ದು ಇದೇ. ಕೆಲಸದ ಮೊದಲ ಚಲನೆಯನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿ. "ರಿಪೋರ್ಟ್ ಮುಗಿಸಬೇಕು" ಅಂತ ಬರೆದರೆ ಅದು ಗುರಿ. "ಫೈಲ್ ತೆರೆದು ತಲೆಬರಹ ಟೈಪ್ ಮಾಡು" ಅಂತ ಬರೆದರೆ ಕೈ ಕೆಲಸಕ್ಕೆ ಬರುತ್ತದೆ.

ಅದನ್ನು ಈಗಾಗಲೇ ನಡೆಯುವ ಇನ್ನೊಂದು ಕೆಲಸದ ಬಾಲಕ್ಕೆ ಕಟ್ಟಿ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡಿದ್ದು ಇಂಥ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಯೋಜನೆಗಳನ್ನು. "ಸಂಜೆ ವ್ಯಾಯಾಮ ಮಾಡ್ತೀನಿ" ಅನ್ನುವುದಕ್ಕಿಂತ "ಆಫೀಸಿಂದ ಬಂದು ಬ್ಯಾಗ್ ಇಟ್ಟ ಕೂಡಲೇ ವಾಕಿಂಗ್ ಶೂ ಹಾಕ್ತೀನಿ" ಅನ್ನುವುದು ನಡೆಯುವ ಸಾಧ್ಯತೆ ಹೆಚ್ಚು. ಸೋಫಾದ ಮೇಲೆ ಕೂತ ಮೇಲೆ ಯಾವ ಯೋಜನೆಯೂ ನಡೆಯದು.

ಇನ್ನೊಂದು ದಾರಿ, ಪಕ್ಕದಲ್ಲಿ ಯಾರಾದರೂ ಇರುವುದು. ಅವರು ಸಹಾಯ ಮಾಡಬೇಕಿಲ್ಲ, ತಮ್ಮ ಪಾಡಿಗೆ ತಾವು ಬಟ್ಟೆ ಮಡಚುತ್ತ ಇದ್ದರೂ ಸಾಕು. ಲೈಬ್ರರಿಯಲ್ಲಿ ಓದಿದ್ದು ಮನೆಯಲ್ಲಿ ಓದಲಾಗದವರಿಗೆ ಇದು ಗೊತ್ತು. ದೂರದಲ್ಲಿರುವ ಗೆಳೆಯರೂ ಆದೀತು. ವಿಡಿಯೊ ಕಾಲ್ ಹಾಕಿ, ಇಬ್ಬರೂ ಮೈಕ್ ಆಫ್ ಮಾಡಿ, ತಮ್ಮ ತಮ್ಮ ಕೆಲಸ ಮಾಡುವುದು. ಇದು ಯಾಕೆ ಇಷ್ಟು ಚೆನ್ನಾಗಿ ನಡೆಯುತ್ತದೋ, ನಡೆಯುವುದಂತೂ ನಿಜ.

ಹೆಜ್ಜೆ 7: ದುಡ್ಡು ಸೋರುವ ತೂತುಗಳು

ಕರೆಂಟ್, ಇಂಟರ್ನೆಟ್, ವಿಮೆ, ಕ್ರೆಡಿಟ್ ಕಾರ್ಡ್, ಎಲ್ಲವನ್ನೂ ಆಟೊಪೇಗೆ ಹಾಕಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತಿಗೆ ಪ್ರತಿಸಲ ಒಟಿಪಿ ಬೇಕಿಲ್ಲ, ಕಡಿತಕ್ಕೆ 24 ಗಂಟೆ ಮುಂಚೆ ಮೆಸೇಜ್ ಬರುತ್ತದೆ. ಸಂಬಳದ ಖಾತೆಗೆ ಯುಪಿಐ ಜೋಡಿಸಬೇಡಿ. ಬೇರೊಂದು ಖಾತೆಗೆ ವಾರಕ್ಕೊಮ್ಮೆ ಖರ್ಚಿನ ದುಡ್ಡು ಹಾಕಿ, ಸ್ಕ್ಯಾನ್ ಮಾಡುವುದೆಲ್ಲ ಅದರಿಂದಲೇ ಆಗಲಿ. ಆತುರದಲ್ಲಿ ಕೊಳ್ಳುವ ಚಟವಿದ್ದರೆ ಶಾಪಿಂಗ್ ಆ್ಯಪ್‌ಗಳಿಂದ ಕಾರ್ಡಿನ ವಿವರ ಅಳಿಸಿಹಾಕಿ. ಎದ್ದು ಹೋಗಿ ಪರ್ಸ್ ತರಬೇಕು ಅಂದಾಗ ಅರ್ಧ ಆಸೆ ಇಳಿಯುತ್ತದೆ.

ಹೆಜ್ಜೆ 8: ಮನೆಯವರೊಂದಿಗೆ, ಆಫೀಸಿನವರೊಂದಿಗೆ

ಹೆಂಗಸರಲ್ಲಿ ಇದು ಗೊತ್ತಾಗುವುದೇ ತಡ. ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗ ಕಣ್ಣಿಗೆ ಬೀಳುತ್ತಾನೆ, ಕಿಟಕಿಯಾಚೆ ನೋಡುತ್ತ ಕೂತ ಹುಡುಗಿ ಬೀಳುವುದಿಲ್ಲ. ಮದುವೆಯಾದ ಮೇಲೆ ಹಾಲಿನವರ ಲೆಕ್ಕ, ಶಾಲೆಯ ಡೈರಿ, ಅತ್ತೆಯ ಬಿಪಿ ಮಾತ್ರೆ, ಗೌರಿ ಹಬ್ಬದ ಬಾಗಿನ, ಹೀಗೆ ಮನೆಯ ನೆನಪಿನ ಕೆಲಸವೆಲ್ಲ ಅವಳ ತಲೆಗೇ ಬರುತ್ತದೆ. ನೆನಪೇ ಕೈಕೊಡುವವಳಿಗೆ ನೆನಪಿನ ಖಾತೆ. ಇದನ್ನು ಹಂಚಿಕೊಳ್ಳದೆ ಬೇರೆ ದಾರಿಯಿಲ್ಲ. ಹಂಚಿಕೊಳ್ಳುವಾಗ "ಸ್ವಲ್ಪ ಸಹಾಯ" ಕೇಳಬೇಡಿ, ಪೂರ್ತಿ ಕೆಲಸವನ್ನೇ ದಾಟಿಸಿ. ಗ್ಯಾಸ್ ಬುಕ್ ಮಾಡುವುದು ಅವರದು ಅಂದರೆ ಸಿಲಿಂಡರ್ ಮುಗಿಯಿತಾ ಎಂದು ನೋಡುವುದೂ ಅವರದೇ.

ಎಡಿಎಚ್‌ಡಿ ಗಂಡನಿಗಿದ್ದರೆ, ಅವನು ಶೂ ಲೇಸ್ ಕಟ್ಟುವಾಗ "ರೀ, ಹೋಗ್ತಾ ಔಷಧಿ ತಗೊಂಡ್ಬನ್ನಿ" ಅಂದದ್ದು ಗೇಟು ದಾಟುವುದಿಲ್ಲ. "ರೀ, ಈಗಲೇ ಫೋನ್ ತೆಗೀರಿ, ಐದೂವರೆಗೆ ಅಲಾರಂ ಹಾಕಿ, ನಾನಿಲ್ಲೇ ನಿಂತಿರ್ತೀನಿ" ಅಂದರೆ ಔಷಧಿ ಮನೆಗೆ ಬರುತ್ತದೆ. ಹೀಗೆ ಹೇಳಿ ಎಂದು ಹೆಂಡತಿಯನ್ನು ಕೇಳಿಕೊಳ್ಳಬೇಕಾದವನು ಗಂಡ. ಮೊದಲೇ ಒಪ್ಪಿಕೊಂಡದ್ದಾದರೆ ಅದು ಮೂದಲಿಕೆ ಅನ್ನಿಸುವುದಿಲ್ಲ.

ಆಫೀಸಿನಲ್ಲಿ ಎಡಿಎಚ್‌ಡಿ ಇದೆ ಎಂದು ಹೇಳಲೇಬೇಕೆಂದಿಲ್ಲ. ಎಲ್ಲ ಮ್ಯಾನೇಜರುಗಳೂ ಅದನ್ನು ಒಳ್ಳೆಯ ಮನಸ್ಸಿನಿಂದ ಕೇಳಿಸಿಕೊಳ್ಳುವುದಿಲ್ಲ, ಮೊದಲು ಜನ ನೋಡಿ. ಹೆಸರು ಹೇಳದೆಯೂ ಬೇಕಾದ್ದನ್ನು ಕೇಳಬಹುದು: "ಸರ್, ನೀವು ಹೇಳಿದ್ದನ್ನ ಮೂರು ಪಾಯಿಂಟ್ ಮಾಡಿ ಮೇಲ್ ಹಾಕ್ತೀನಿ, ಸರಿ ಇದ್ಯಾ ನೋಡಿ ಹೇಳಿ." ಬಾಯಿಮಾತು ಬರಹವಾಯಿತು, ನೀವು ಶಿಸ್ತಿನವರು ಎಂಬ ಹೆಸರೂ ಬಂತು.

ನಿದ್ದೆ, ನಡಿಗೆ, ಗಾಡಿ

ಇಲ್ಲಿ ಹೊಸದೇನೂ ಇಲ್ಲ, ಆದರೆ ಬಿಟ್ಟರೆ ಮೇಲಿನದ್ದೆಲ್ಲ ಕುಸಿಯುತ್ತದೆ. ಎಡಿಎಚ್‌ಡಿ ಇರುವ ಅನೇಕರಿಗೆ ನಿದ್ದೆ ಹತ್ತುವುದೇ ತಡ, ಹಾಗಾಗಿ ಫೋನ್ ಚಾರ್ಜರ್ ಮಲಗುವ ಕೋಣೆಯ ಹೊರಗಿರಲಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ದಿನಾ ಬಿರುಸಾಗಿ ನಡೆಯಿರಿ, ನಡೆದ ಮೇಲಿನ ಒಂದು ಗಂಟೆಯನ್ನು ಕಷ್ಟದ ಕೆಲಸಕ್ಕೆ ಇಟ್ಟುಕೊಳ್ಳಿ. ಗಾಡಿ ಓಡಿಸುವಾಗ ಫೋನ್ ಸೀಟಿನ ಕೆಳಗಿನ ಡಬ್ಬಿಯಲ್ಲಿರಲಿ. ಎಡಿಎಚ್‌ಡಿ ಇರುವವರಿಗೆ ರಸ್ತೆ ಅಪಘಾತದ ಅಪಾಯ ಹೆಚ್ಚೆಂದು ಸ್ವೀಡನ್ನಿನ ದೊಡ್ಡ ಅಧ್ಯಯನ ತೋರಿಸಿದೆ.

ಹೆಜ್ಜೆ 9: ಏರ್ಪಾಡು ಕುಸಿದಾಗ

ಕುಸಿಯುತ್ತದೆ. ಹೊಸ ಡೈರಿಯ ಹೊಳಪು ಮಾಸಿದ ಮೇಲೆ, ಜ್ವರ ಬಂದು ಮಲಗಿದ ಮೇಲೆ, ಊರಿನ ಜಾತ್ರೆ ಮುಗಿಸಿ ಬಂದ ಮೇಲೆ ಎಲ್ಲ ನಿಂತುಹೋಗಿರುತ್ತದೆ. ನಮ್ಮ ಗಮನ ಹೊಸತನದ ಹಿಂದೆ ಓಡುವ ಜಾತಿಯದು, ಹಳತಾದ ಅಲಾರಂ ಕಿವಿಗೇ ಬೀಳುವುದಿಲ್ಲ. ಆದ್ದರಿಂದ ಅಲಾರಮ್ಮಿನ ದನಿ ಬದಲಾಯಿಸಿ, ಚೀಟಿಯ ಬಣ್ಣ ಬದಲಾಯಿಸಿ, ತಟ್ಟೆಯ ಜಾಗ ಮಾತ್ರ ಬದಲಾಯಿಸಬೇಡಿ.

ಮತ್ತೆ ಶುರು ಮಾಡುವಾಗ ಬಿಟ್ಟುಹೋದ ದಿನಗಳ ಪುಟ ತುಂಬಲು ಕೂರಬೇಡಿ, ಅದರಲ್ಲೇ ಸುಸ್ತಾಗಿ ಡೈರಿ ಮುಚ್ಚುತ್ತೀರಿ. ಮೊದಲ ದಿನ ಎರಡೇ ಕೆಲಸ: ಗುಳಿಗೆ ಎಷ್ಟು ಉಳಿದಿದೆ ಎಣಿಸುವುದು, ರಾತ್ರಿ ಕೀ ತಟ್ಟೆಗೆ ಹಾಕುವುದು. ಉಳಿದ ಹೆಜ್ಜೆಗಳನ್ನು ವಾರಕ್ಕೊಂದರಂತೆ ಸೇರಿಸಿಕೊಳ್ಳಿ, ಕಳೆದ ತಿಂಗಳು ಹೆಚ್ಚು ದುಡ್ಡೋ ಮಾನವೋ ಕಳೆದದ್ದು ಯಾವುದರಿಂದಲೋ ಅದರಿಂದ ಹಿಡಿದು.